ಹಡಗಿನ ಲೆಕ್ಕದಲ್ಲಿ ಕಚೇರಿ: ಲಕ್ಷದ್ವೀಪದಲ್ಲಿ ನನ್ನ ಅನುಭವ

ಏಪ್ರಿಲ್ 25ರೊಳಗೆ ಸಾಮಾನಿನ ಹಡಗು ಬಾರದ ಮಳೆಗಾಲದ ನಾಲ್ಕು ತಿಂಗಳ ಅಕ್ಕಿ ನಮ್ಮ ಗೋದಾಮಿನಲ್ಲಿ ಇರುತ್ತದೆ ಎಂದು ನಾನು ಹೇಳಿದಾಗ ಕಚೇರಿಯಲ್ಲಿ ನಂಬಿದವರು ಯಾರೂ ಇರಲಿಲ್ಲ. ‘ಮೇ ಹತ್ತರೊಳಗೆ ಬಂದರೆ ಪುಣ್ಯ ಸರ್’ ಎಂದಿದ್ದರು ಗೋದಾಮು ನೋಡಿಕೊಳ್ಳುತ್ತಿದ್ದ ಹಿರಿಯರು. ನಾನು ಅಲ್ಲಿಗೆ ಹೋದ ಮೂರನೇ ವರ್ಷ ಏಪ್ರಿಲ್ 22ಕ್ಕೇ ಕೊನೆಯ ಮೂಟೆ ಒಳಗೆ ಬಿತ್ತು. ಅದು ಹೇಗಾಯಿತು ಎಂದು ಆಮೇಲೆ ಕೇಳಿದವರು ಬಹಳ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿದ್ದದ್ದು ಲಕ್ಷದ್ವೀಪದ ಉತ್ತರದ ಅಮಿನಿದೀವಿ ಗುಂಪಿನ ಒಂದು ಸಣ್ಣ ದ್ವೀಪದಲ್ಲಿ, ನಿಯೋಜನೆಯ ಮೇಲೆ, ಲೆಕ್ಕಪತ್ರದ ಕೆಲಸಕ್ಕೆ. ಜನ ಎರಡು ಸಾವಿರ ಚಿಲ್ಲರೆ. ಇಡೀ ಲಕ್ಷದ್ವೀಪ 32 ಚದರ ಕಿಲೋಮೀಟರ್, 2011ರ ಗಣತಿಯಲ್ಲಿ 64 ಸಾವಿರ ಜನ. ನಮ್ಮಲ್ಲಿ ಒಂದು ಹೋಬಳಿ ಎನ್ನಬಹುದು. ಆದರೆ ಇದು ಕೇಂದ್ರಾಡಳಿತ ಪ್ರದೇಶ. ವಿಧಾನಸಭೆ ಇಲ್ಲ, ರಾಷ್ಟ್ರಪತಿ ನೇಮಿಸಿದ ಆಡಳಿತಾಧಿಕಾರಿ ರಾಜಧಾನಿ ಕವರತ್ತಿಯಲ್ಲಿ, ಹೈಕೋರ್ಟು ಕೊಚ್ಚಿಯಲ್ಲಿ, ನಮ್ಮ ದ್ವೀಪಕ್ಕೆ ಸಾಮಾನು ಹೆಚ್ಚಾಗಿ ಬರುತ್ತಿದ್ದದ್ದು ಮಂಗಳೂರಿನ ಹಳೆ ಬಂದರಿನಿಂದ. ನಡುವೆ ಇರುವುದೆಲ್ಲ ಕಡಲು. ಇಂಡೆಂಟು (ಬೇಡಿಕೆ ಪತ್ರ), ಮಂಜೂರಾತಿ, ಬಿಲ್ಲು ಹೇಗೆ ನಡೆಯುತ್ತವೆ ಎಂದು ಕಚೇರಿಯಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ಅಲ್ಲಿಯೂ ನಿಯಮ ಅವೇ. ಕಡತ ಹೋಗಬೇಕಾದರೆ ಆಗ ಹಡಗು ಬರಬೇಕಿತ್ತು, ಅಷ್ಟೇ ವ್ಯತ್ಯಾಸ.

ಮೊದಲ ವರ್ಷ ನಾನು ಊರಿನ ಅಭ್ಯಾಸದಂತೆ ತಿಂಗಳ ಲೆಕ್ಕದಲ್ಲಿ ಕೆಲಸ ಮಾಡಿದೆ. ಫೆಬ್ರವರಿಯಲ್ಲಿ ಬೇಡಿಕೆ ಕಳುಹಿಸಿದೆ. ಗೋದಾಮಿನಲ್ಲಿ ಎಷ್ಟು ಉಳಿದಿದೆ ಎಂಬ ದಾಸ್ತಾನು ದೃಢೀಕರಣ ಇಡಲು ಮರೆತಿದ್ದೆ, ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂತು. ಆ ಒಂದು ಹಾಳೆಗಾಗಿ ಕಡತ ಹೋಗಿ ಬರುವುದಕ್ಕೆ ಇಪ್ಪತ್ತೆರಡೋ ಇಪ್ಪತ್ತಮೂರೋ ದಿನ ಹಿಡಿಯಿತು. ಅಕ್ಕಿ ಹೊತ್ತ ಮಂಜಿ (ಸರಕಿನ ಮರದ ಹಡಗು) ಬಂದಾಗ ಮೇ ತಿಂಗಳು ಅರ್ಧ ಕಳೆದಿತ್ತು, ಕಡಲು ಆಗಲೇ ಎದ್ದಿತ್ತು. ಹವಳದ ದಿಬ್ಬದ ಆಚೆ ಮಂಜಿ ನಿಲ್ಲಿಸಿ, ದೋಣಿಗಳಲ್ಲಿ ಮೂಟೆ ಇಳಿಸುವಾಗ ಒಂದು ಅಲೆ ಅಡ್ಡ ಬಡಿದು ಎರಡು ದೋಣಿ ನೀರು ತುಂಬಿಕೊಂಡವು. 62 ಮೂಟೆ ನೆನೆದವು. ದಡದಲ್ಲಿ ತಾಡಪಾಲಿನ ಮೇಲೆ ಆ ಅಕ್ಕಿ ಹರವಿದ್ದನ್ನು, ಅದು ಎರಡೇ ದಿನದಲ್ಲಿ ಹಳದಿಯಾಗಿ ಹುಳಿ ವಾಸನೆ ಹೊಡೆದದ್ದನ್ನು ನಾನು ಮರೆತಿಲ್ಲ. ನಷ್ಟ ಎಂಬತ್ತು ಸಾವಿರದ ಹತ್ತಿರ. ವಸೂಲಿ ನೋಟಿಸು ನನ್ನ ಹೆಸರಿಗೂ ಬಂತು.

ಮಳೆಗಾಲದಲ್ಲಿ ಬೇರೆ ಕೆಲಸ ಕಡಿಮೆ. ಹಳೆಯ ರವಾನೆ ಪುಸ್ತಕಗಳನ್ನು ಇಳಿಸಿಕೊಂಡು ಕುಳಿತೆ. ಒಂದು ಬೇಡಿಕೆ ಅಕ್ಕಿಯಾಗಿ ದಡ ಸೇರಲು ಎಷ್ಟು ದಿನ ಎಂದು ಎಣಿಸುವುದನ್ನು ಬಿಟ್ಟು, ಎಷ್ಟು ಹಡಗು ಬೇಕು ಎಂದು ಎಣಿಸಿದೆ. ಐದು. ಅದರಲ್ಲಿ ಎರಡು ಬರೀ ಆಕ್ಷೇಪಣೆಗೆ ಮತ್ತು ಅದರ ಉತ್ತರಕ್ಕೆ. ಹಿಂದಿನ ಆರೇಳು ವರ್ಷಗಳ ಆಕ್ಷೇಪಣೆಗಳನ್ನೆಲ್ಲ ಒಂದು ನೋಟುಬುಕ್ಕಿಗೆ ಇಳಿಸಿದೆ. ನೂರ ನಲವತ್ತರಷ್ಟು ಇದ್ದವು. ವಿಂಗಡಿಸಿ ನೋಡಿದರೆ ಇದ್ದದ್ದು ಹನ್ನೊಂದೇ ಬಗೆ! ಹನ್ನೊಂದಕ್ಕೂ ಮೊದಲೇ ಉತ್ತರ ಬರೆದು, ದಾಖಲೆ ಸಹಿತ ಬೇಡಿಕೆಯ ಜೊತೆಗೇ ಹೊಲಿದು ಕಳುಹಿಸಿದೆ. ದೃಢೀಕರಣದ ಷರಾ ಬರೆಯುವುದಕ್ಕೆ ಒಂದು ರೀತಿ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಜಾಗಕ್ಕೆ ಬಂದವರಿಗೆ ಹೇಳಿಕೊಟ್ಟಿದ್ದೇನೆ.

ಇದೇನೂ ಹೊಸ ಬುದ್ಧಿಯಲ್ಲ. ಅಮಿನಿದೀವಿ ದ್ವೀಪಗಳು 1799ರಲ್ಲಿ ಟಿಪ್ಪುವಿನಿಂದ ಇಂಗ್ಲಿಷರ ಕೈಗೆ ಹೋದ ಮೇಲೆ 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದವು. ಸರ್ಕಾರ ಅಲ್ಲಿನ ತೆಂಗಿನ ನಾರಿನ ಹುರಿ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ಹುರಿ ಹೊತ್ತು ಮಂಗಳೂರಿಗೆ ಬಂದ ಓಡವೇ (ದ್ವೀಪದವರ ಹಾಯಿಹಡಗು) ಅಕ್ಕಿ ಹೊತ್ತು ಮರಳಬೇಕು. ಅವರೆಲ್ಲ ಗಾಳಿ ನೋಡಿ ವರ್ಷ ಲೆಕ್ಕ ಹಾಕಿದವರು. ತಾರೀಖು ನಂಬಿ ಕುಳಿತದ್ದು ನಾವು.

ಎರಡನೇ ವರ್ಷ ಅಕ್ಕಿಯನ್ನು ಮೂರು ಪಾಲು ಮಾಡಿದೆ, ಒಂದೊಂದು ಮಂಜಿಗೆ ಆರುನೂರು ಮೂಟೆ. ಹಮಾಲಿ ಮೂರು ಸಲ ಕೊಡಬೇಕು, ನಲವತ್ತು ಸಾವಿರ ಹೆಚ್ಚು ಖರ್ಚು ಎಂದು ವಿರೋಧ ಬಂತು. ಹಿಂದಿನ ವರ್ಷದ ನಷ್ಟದ ಹಾಳೆ ಮುಂದಿಟ್ಟೆ, ಒಪ್ಪಿದರು. ಅಕ್ಕಿ ಏನೋ ಸರಿಯಾಗಿ ಬಂತು, ಎಡವಿದ್ದು ದುಡ್ಡಿನಲ್ಲಿ. ಎರಡು ಪಾಲು ಏಪ್ರಿಲ್‌ನಲ್ಲಿ ಬಂದವು. ಹೊಸ ಹಣಕಾಸು ವರ್ಷದ ಅನುದಾನ ಇನ್ನೂ ಬಿಡುಗಡೆಯಾಗಿರಲಿಲ್ಲ. ದೋಣಿಯವರು ಎರಡು ದಿನ ಕಾದರು, ಮೂರನೇ ದಿನ ಅವರ ಮುಖ ನೋಡಲಾಗದೆ ಕೈಯಿಂದ ಹದಿನಾಲ್ಕು ಸಾವಿರ ಕೊಟ್ಟೆ. ಹದಿನೈದು ತಿಂಗಳ ನಂತರ ಹನ್ನೊಂದೂವರೆ ಸಾವಿರ ವಾಪಸು ಬಂತು. ಉಳಿದದ್ದಕ್ಕೆ ವೋಚರ್ ಇರಲಿಲ್ಲ, ಹೋಯಿತು.

ಹಾಗಾಗಿ ಮೂರನೇ ವರ್ಷ ಎರಡು ಪಾಲನ್ನು ಮಾರ್ಚ್ 31ರೊಳಗೆ ಇಳಿಸಿದೆ. ಇಳಿಸುವ ಖರ್ಚು ಹಳೆಯ ಅನುದಾನದಲ್ಲೇ ಮುಗಿಯಿತು. ಇಲ್ಲದಿದ್ದರೆ ಆ ಹಣ ಹೇಗೂ ರದ್ದಾಗುತ್ತಿತ್ತು. ತೂಕವನ್ನು ಗೋದಾಮಿನ ಒಳಗೆ ಮಾಡದೆ ದಡದಲ್ಲೇ, ದ್ವೀಪ ಪಂಚಾಯಿತಿಯ ಸದಸ್ಯರ ಎದುರಿಗೆ ಮಾಡಿಸಿ ಅಲ್ಲೇ ರುಜು ಹಾಕಿಸಿದೆ. ಆ ವರ್ಷ ಕೊರತೆ ಮೂರು ಮೂಟೆಗಿಂತ ಹೆಚ್ಚಿರಲಿಲ್ಲ.

ಬೇಗ ತಂದ ಅಕ್ಕಿಯನ್ನು ಸೆಪ್ಟೆಂಬರ್‌ವರೆಗೆ ಕಾಯುವುದು ಬೇರೆಯೇ ಕಷ್ಟ. ಇಲಿ ಅಲ್ಲಿ ತೆಂಗಿನ ಮರದ ಮೇಲೆಯೇ ಸಂಸಾರ ಹೂಡುತ್ತದೆ. ತೆಂಗಿನ ಹಲಗೆಯ ಅಟ್ಟಣೆ ಮಾಡಿಸಿ, ಅದರ ಕಾಲುಗಳಿಗೆ ಹಳೆಯ ಡಬ್ಬಿಯ ತಗಡನ್ನು ಬೋರಲು ಬಟ್ಟಲಿನಂತೆ ಸುತ್ತಿಸಿದೆ, ಅದು ಫಲಿಸಿತು. ಬೇವಿನ ಸೊಪ್ಪು ತರಿಸಿ ಹಾಕಿದ್ದು ದಂಡ, ತೇವಕ್ಕೆ ಕೊಳೆತುಹೋಯಿತು. ಇನ್ನೊಂದು ಪ್ರಯೋಗ ಕಡತಗಳ ಮೇಲೆ: ಉಪ್ಪುಗಾಳಿಗೆ ಪಿನ್ನು ಎರಡೇ ತಿಂಗಳಲ್ಲಿ ತುಕ್ಕು ಹಿಡಿದು ರುಜುವಿನ ಮೇಲೆಯೇ ಕೆಂಪು ಕಲೆ ಬಿಡುತ್ತಿತ್ತು. ಪಿನ್ನು ಬಿಟ್ಟು ಅಲ್ಲಿಯದೇ ಸಣ್ಣ ಹುರಿಯಲ್ಲಿ ಹೊಲಿಯತೊಡಗಿದೆ. ನಾಲ್ಕು ವರ್ಷವಾದರೂ ಒಂದು ಹಾಳೆ ಕಳಚಲಿಲ್ಲ.

2024ರ ಜನವರಿಯಲ್ಲಿ ಕೊಚ್ಚಿಯಿಂದ ಕಡಲ ತಳದ ಕೇಬಲ್ ಉದ್ಘಾಟನೆಯಾಯಿತು. ಕಾಗದಕ್ಕೆ ಈಗ ಹಡಗು ಕಾಯಬೇಕಿಲ್ಲ, ಅಕ್ಕಿಗೆ ಕಾಯಲೇಬೇಕು. ನಾನು ಹೊರಡುವ ವರ್ಷ ಇದೇ ಕ್ರಮವನ್ನು ಶಾಲೆಯ ಪಠ್ಯಪುಸ್ತಕಕ್ಕೂ ಹಚ್ಚಿ ನೋಡಿದೆ. ಏಪ್ರಿಲ್ ಕೊನೆಯ ಮಂಜಿಯಲ್ಲಿ ಒಂಬತ್ತು ಕಟ್ಟು ಬಂದವು. ಏಳನೇ ತರಗತಿಯ ಗಣಿತ ಆಗಿನ್ನೂ ಅಚ್ಚಿನಲ್ಲಿತ್ತು. ಅದು ಮಕ್ಕಳ ಕೈ ಸೇರಿದ್ದು ಸೆಪ್ಟೆಂಬರ್ ಕೊನೆಯಲ್ಲಿ.