ಬಾಲ್‌ರೂಮ್ ಶೂ: ಮೊದಲು ಮಗುಚಿ ನೋಡಿ

ಡಾನ್ಸ್ ಶೂ ಕೈಗೆ ಬಂದ ಕೂಡಲೇ ಎಲ್ಲರೂ ಮಾಡುವುದು ಒಂದೇ. ಸ್ಯಾಟಿನ್ ಮೇಲೆ ಬೆರಳಾಡಿಸುತ್ತಾರೆ, ಹೊಳೆಯುವ ಕಲ್ಲುಗಳನ್ನು ನೋಡುತ್ತಾರೆ, ಹೀಲ್ ಎಷ್ಟು ಎತ್ತರ ಅಂತ ಕೇಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ಶೂವನ್ನು ಮಗುಚಿ ನೋಡಬೇಕು ಅಂತ ಬುದ್ಧಿ ಬರುವ ಹೊತ್ತಿಗೆ ಎರಡು ಜೋಡಿ ಮೂಲೆ ಸೇರಿದ್ದವು. ನಿಜವಾಗಿ ಕುಣಿಯುವುದು ಶೂವಿನ ಅಡಿಭಾಗ. ಮೇಲಿನದ್ದೆಲ್ಲ ಅದನ್ನು ಕಾಲಿಗೆ ಕಟ್ಟಿಕೊಳ್ಳಲು ಇರುವುದು, ಅಷ್ಟೇ. ದುಡ್ಡು ಹೋಗಬೇಕಾದ್ದೂ ಅಡಿಭಾಗಕ್ಕೇ.

ಯಾವ ಡಾನ್ಸ್‌ಗೆ?

ಬಾಲ್‌ರೂಮ್ ಅಂದರೆ ಜೋಡಿಯಾಗಿ ಕುಣಿಯುವ ಡಾನ್ಸ್. ಅಂತಾರಾಷ್ಟ್ರೀಯ ಶೈಲಿಯ ಸ್ಪರ್ಧೆಗಳಲ್ಲಿ ಐದೈದು ಡಾನ್ಸ್‌ಗಳ ಎರಡು ಗುಂಪು ಇವೆ. ವಾಲ್ಟ್ಜ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಜ್, ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್ ಸೇರಿದರೆ ಸ್ಟ್ಯಾಂಡರ್ಡ್. ಚಾ ಚಾ ಚಾ, ಸಾಂಬಾ, ರುಂಬಾ, ಪಾಸೋ ಡೋಬ್ಲೆ, ಜೈವ್ ಸೇರಿದರೆ ಲ್ಯಾಟಿನ್. ಸ್ಟ್ಯಾಂಡರ್ಡ್‌ನಲ್ಲಿ ಮುಂದಕ್ಕೆ ಹೋಗುವಾಗ ಹೆಚ್ಚಾಗಿ ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಜೋಡಿ ಹತ್ತಿರ ಹತ್ತಿರವೇ ಸಾಗುವುದರಿಂದ ಬೆರಳು ತುಳಿಸಿಕೊಳ್ಳುವುದೂ ಉಂಟು. ಅದಕ್ಕೆ ಮುಂಭಾಗ ಮುಚ್ಚಿದ ಶೂ. ಲ್ಯಾಟಿನ್‌ನಲ್ಲಿ ಭಾರ ಮುಂಗಾಲಿನ ಮೇಲೆ. ಬೆರಳು ನೆಲ ಹಿಡಿಯಬೇಕು, ಪಾದ ಚೆನ್ನಾಗಿ ಬಾಗಬೇಕು. ಅದಕ್ಕೆ ಹೆಂಗಸರಿಗೆ ಬೆರಳು ತೆರೆದ ಸ್ಯಾಂಡಲ್. ಹೀಲ್ ಕೂಡ ಬೇರೆ ಬೇರೆ. ಸ್ಟ್ಯಾಂಡರ್ಡ್‌ಗೆ ಸಾಮಾನ್ಯವಾಗಿ 2ರಿಂದ 2.5 ಇಂಚು, ಲ್ಯಾಟಿನ್‌ಗೆ 2.5ರಿಂದ 3 ಇಂಚು. ಗಂಡಸರ ಸ್ಟ್ಯಾಂಡರ್ಡ್ ಶೂಗೆ ಸುಮಾರು 1 ಇಂಚು, ಲ್ಯಾಟಿನ್ ಶೂಗೆ 1.5 ಇಂಚು.

ಈಗಷ್ಟೇ ಕ್ಲಾಸಿಗೆ ಸೇರಿದ್ದೀರಾ? ಹಾಗಾದರೆ ಇವೆರಡನ್ನೂ ಬಿಡಿ, ಪ್ರಾಕ್ಟೀಸ್ ಶೂ ಒಂದು ಜೋಡಿ ಸಾಕು. ಲೇಸ್ ಕಟ್ಟುವ, ಅಗಲವಾದ ಗಿಡ್ಡ ಹೀಲ್ ಇರುವ ಶೂ ಅದು. ನೋಡಲು ಅಂಥಾ ಚೆಂದವೇನಿಲ್ಲ, ಆದರೆ ಎರಡೂ ಗುಂಪಿನ ಡಾನ್ಸ್ ಕಲಿಯಲು ಆಗುತ್ತದೆ.

ಮಗುಚಿ ನೋಡುವುದು ಅಂದರೆ

ಶೂವಿನ ಅಡಿ ಸ್ವೇಡ್ ಆಗಿರಬೇಕು. ಅಂದರೆ ಕೂದಲಿನಂಥ ಸಣ್ಣ ನವಿರು ಎದ್ದಿರುವ ತೆಳು ಚರ್ಮ. ರಬ್ಬರ್ ಸೋಲ್ ನೆಲವನ್ನು ಕಚ್ಚಿ ಹಿಡಿಯುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ನಡುವೆ ಸಿಕ್ಕ ಮಂಡಿ ತಿರುಚಿಕೊಳ್ಳುತ್ತದೆ. ನುಣ್ಣನೆಯ ಪ್ಲಾಸ್ಟಿಕ್ ಆದರೆ ಜಾರಿಯೇ ಹೋಗುತ್ತದೆ. ಸ್ವೇಡ್ ತಿರುಗಲು ಬಿಡುತ್ತದೆ, ನಿಲ್ಲಬೇಕು ಅಂದಲ್ಲಿ ನಿಲ್ಲಿಸುತ್ತದೆ. ಬೆರಳನ್ನು ಒಂದು ದಿಕ್ಕಿಗೆ ಎಳೆದು ನೋಡಿ, ಆಮೇಲೆ ಎದುರು ದಿಕ್ಕಿಗೆ ಎಳೆಯಿರಿ. ವೆಲ್ವೆಟ್ ಬಟ್ಟೆಯ ಹಾಗೆ ಬಣ್ಣ ತುಸು ಬದಲಾಗಬೇಕು. ಅಂಚಿನಲ್ಲಿ ಗೋಂದು ಒಸರಿದ್ದರೆ, ಉಗುರು ತಾಗಿಸಿದರೆ ಸೋಲ್ ಏಳುವಂತಿದ್ದರೆ ವಾಪಸ್ ಇಟ್ಟುಬಿಡಿ.

ಇನ್ನು ಶ್ಯಾಂಕ್. ಇದು ಪಾದದ ಕಮಾನಿನ ಕೆಳಗೆ, ಸೋಲ್ ಒಳಗೆ ಅಡಗಿರುವ ಪಟ್ಟಿ, ಹೆಚ್ಚಾಗಿ ಉಕ್ಕಿನದು. ಹೀಲ್ ಶೂವಿನ ಬೆನ್ನೆಲುಬು ಇದೇ. ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಅಗ್ಗದ ಶೂಗಳಲ್ಲಿ ಮೊದಲು ಕತ್ತರಿ ಬೀಳುವುದೂ ಇಲ್ಲಿಗೇ. ಪರೀಕ್ಷೆ ಸುಲಭ. ಒಂದು ಕೈಯಲ್ಲಿ ಹೀಲ್, ಇನ್ನೊಂದರಲ್ಲಿ ತುದಿ ಹಿಡಿದು ಮೆಲ್ಲಗೆ ಬಗ್ಗಿಸಿ. ಬೆರಳುಗಳ ಬುಡ ಬರುವ ಜಾಗದಲ್ಲಿ ಮಡಚಬೇಕು. ಸರಿಯಾಗಿ ನಡುಮಧ್ಯೆ, ಕಮಾನಿನಲ್ಲೇ ಮಡಚಿದರೆ ಶ್ಯಾಂಕ್ ದುರ್ಬಲ. ಎಲ್ಲೂ ಬಾಗದೆ ಹಲಗೆಯಂತೆ ನಿಂತರೆ ಅದೂ ಬೇಡ. ಗಂಡಸರ ಹಲವು ಲ್ಯಾಟಿನ್ ಶೂಗಳಲ್ಲಿ ನಡುವೆ ಸೋಲೇ ಇಲ್ಲದ ಸ್ಪ್ಲಿಟ್ ಸೋಲ್ ಇರುತ್ತದೆ, ಅವಕ್ಕೆ ಈ ಲೆಕ್ಕ ಇಲ್ಲ. ಅವು ಬಾಗಲೆಂದೇ ಮಾಡಿದವು.

ಹೀಲ್ ನೋಡಲು ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ನೆಟ್ಟಗೆ ನಿಲ್ಲಬೇಕು. ಬೆರಳಲ್ಲಿ ತಳ್ಳಿದರೆ ಅಲುಗಬಾರದು. ಕೆಳಗೆ ಹೋಗ್ತಾ ಅಗಲವಾಗುವ ಫ್ಲೇರ್ ಹೀಲ್ ಹೊಸಬರಿಗೆ ಒಳ್ಳೆಯದು, ಕಡ್ಡಿಯಂಥ ಸ್ಲಿಮ್ ಹೀಲ್ ಸದ್ಯಕ್ಕೆ ಇರಲಿ. ಕಲಿಯಲು 2 ಇಂಚು ಧಾರಾಳವಾಯಿತು.

ಅಳತೆ: ಎಲ್ಲರೂ ಎಡವುವ ಜಾಗ

ನನ್ನ ಮೊದಲ ಶೂವನ್ನು ಒಂದು ಸೈಜ್ ದೊಡ್ಡದೇ ತಗೊಂಡಿದ್ದೆ. ಬೆರಳಿಗೆ ಆರಾಮಾಗಿರಲಿ ಅಂತ. ಕ್ವಿಕ್‌ಸ್ಟೆಪ್ ಮಧ್ಯೆ ನಾನು ಮುಂದೆ ಹೋದೆ, ಎಡಗಾಲಿನ ಶೂ ಅಲ್ಲೇ ಉಳಿಯಿತು. ಹಿಂದೆ ಕುಣಿಯುತ್ತಾ ಬರುತ್ತಿದ್ದ ಜೋಡಿ ಅದನ್ನು ದಾಟಿಕೊಂಡು ಹೋದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಓಡಾಡುವ ಶೂನಲ್ಲಿ ಬೆರಳ ಮುಂದೆ ಜಾಗ ಬಿಡುತ್ತೇವೆ. ಡಾನ್ಸ್ ಶೂನಲ್ಲಿ ಬಿಡಬಾರದು. ಕಾಲ್ಚೀಲದಂತೆ ಕೂರಬೇಕು, ಆದರೆ ನೋಯಬಾರದು. ಮುಚ್ಚಿದ ಶೂನಲ್ಲಿ ಬೆರಳು ತುದಿಯನ್ನು ಮೆಲ್ಲಗೆ ಮುಟ್ಟಬೇಕು, ಮಡಚಿಕೊಳ್ಳಬಾರದು. ಲ್ಯಾಟಿನ್ ಸ್ಯಾಂಡಲ್‌ನಲ್ಲಿ ಬೆರಳು ಸೋಲ್‌ನ ಅಂಚಿನವರೆಗೆ ಬರಬೇಕು, ಕೂದಲೆಳೆಯಷ್ಟು ಮುಂದೆ ಬಂದರೂ ತಪ್ಪಿಲ್ಲ. ಚರ್ಮ ಕೆಲವೇ ವಾರಗಳಲ್ಲಿ ಸಡಿಲಾಗುತ್ತದೆ, ಸ್ಯಾಟಿನ್ ಅಷ್ಟಾಗಿ ಬಿಡುವುದಿಲ್ಲ. ಹಾಗಾಗಿ ಚರ್ಮದ್ದು ಇವತ್ತು ಸರಾಗವಾಗಿದ್ದರೆ ನಾಳೆ ಸಡಿಲ ಅಂತಲೇ ಲೆಕ್ಕ.

ಅಳತೆ ತೆಗೆಯುವುದು ಸಂಜೆ ಹೊತ್ತು ಮಾಡಿ, ಆಗ ಪಾದ ತುಸು ಊದಿರುತ್ತದೆ. ಕಾಗದದ ಮೇಲೆ ನಿಂತು, ಪೂರ್ತಿ ಭಾರ ಹಾಕಿ, ಪೆನ್ಸಿಲ್ ನೇರವಾಗಿ ಹಿಡಿದು ಸುತ್ತ ಗೆರೆ ಎಳೆಯಿರಿ. ಎರಡೂ ಪಾದಕ್ಕೆ. ಎರಡೂ ಒಂದೇ ಅಳತೆ ಇರುವವರು ಅಪರೂಪ. ಉದ್ದವನ್ನೂ ಅಗಲವನ್ನೂ ಮಿಲಿಮೀಟರ್‌ನಲ್ಲಿ ಬರೆದಿಟ್ಟುಕೊಳ್ಳಿ. ಯಾಕೆಂದರೆ ಸೈಜ್ ನಂಬರ್ ನಂಬುವಂಥದ್ದಲ್ಲ. ಯುರೋಪಿನ ಒಂದು ಸೈಜ್ ಅಂದರೆ ಸುಮಾರು 6.7 ಮಿಲಿಮೀಟರ್, ಬ್ರಿಟನ್‌ನ ಒಂದು ಸೈಜ್ ಸುಮಾರು 8.5. ಹೆಂಗಸರ ಅಮೆರಿಕನ್ ನಂಬರ್ ಬ್ರಿಟಿಷ್ ನಂಬರಿಗಿಂತ ಹೆಚ್ಚುಕಡಿಮೆ 2 ಜಾಸ್ತಿ. ಇದರ ಮೇಲೆ ಒಂದೊಂದು ಕಂಪನಿಗೂ ಒಂದೊಂದು ಅಚ್ಚು. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಆ ಕಂಪನಿಯ ಅಳತೆ ಪಟ್ಟಿ ಪಕ್ಕದಲ್ಲಿರಲಿ, ಬದಲಾಯಿಸಿಕೊಡುತ್ತಾರಾ ಅನ್ನುವುದೂ ಮೊದಲೇ ಗೊತ್ತಿರಲಿ. ಮನೆಯಲ್ಲಿ ಹಾಕಿ ನೋಡುವಾಗ ಒಗೆದ ಬಟ್ಟೆ ಹಾಸಿ ನಿಲ್ಲಿ. ಸ್ವೇಡ್ ಒಮ್ಮೆ ಕೊಳೆಯಾದರೆ ಯಾರೂ ವಾಪಸ್ ತಗೊಳ್ಳುವುದಿಲ್ಲ.

ಬರೀ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮುಂಗಾಲಿನ ಮೇಲೆ ಎದ್ದು ನಿಲ್ಲಿ, ಹಿಮ್ಮಡಿ ಶೂವಿನಿಂದ ಕಳಚಿಕೊಳ್ಳುತ್ತಾ ನೋಡಿ. ಒಂದು ಸುತ್ತು ತಿರುಗಿ. ಪಟ್ಟಿ ಕಟ್ಟುವ ಶೂ ಆದರೆ ಬಕಲ್ ಮಧ್ಯದ ತೂತಿಗೆ ಬರುವಂತಿರಲಿ, ಮುಂದೆ ಬಿಗಿ ಮಾಡಲು ಜಾಗ ಬೇಕಲ್ವಾ?

ಎಲ್ಲಿ ಉಳಿಸಬಹುದು

ಸುಪಾಡಾನ್ಸ್, ರೇ ರೋಸ್, ಫ್ರೀಡ್‌ನಂಥ ಡಾನ್ಸ್ ಶೂ ಕಂಪನಿಗಳ ಹೆಸರುಗಳನ್ನು ಕ್ಲಾಸಿನಲ್ಲಿ ಕೇಳಿಯೇ ಕೇಳುತ್ತೀರಿ. ಒಳ್ಳೆಯವೇ. ಆದರೆ ವಾರಕ್ಕೆರಡು ತಾಸು ಕುಣಿಯುವವರಿಗೆ ಸ್ಪರ್ಧೆಯವರ ಶೂ ಬೇಕಿಲ್ಲ. ಕಲ್ಲು, ಕಸೂತಿಗೆ ಕೊಡುವ ದುಡ್ಡು ಸುಮ್ನೆ ದಂಡ. ಬಣ್ಣಕ್ಕೂ ಹಟ ಬೇಡ, ಹಳೆಯ ಮಾದರಿ, ಯಾರಿಗೂ ಬೇಡವಾದ ಬಣ್ಣ ರಿಯಾಯಿತಿಯಲ್ಲಿ ಸಿಗುತ್ತವೆ. ಸ್ಯಾಟಿನ್ ಬೇಗ ಕಲೆಯಾಗುತ್ತದೆ, ಪ್ರಾಕ್ಟೀಸಿಗೆ ಚರ್ಮವೇ ವಾಸಿ. ಸೆಕೆಂಡ್ ಹ್ಯಾಂಡ್ ಶೂ ನಾನು ಕೊಳ್ಳುವುದಿಲ್ಲ. ಅದರ ಒಳಹಾಸು ಬೇರೆಯವರ ಪಾದದ ಆಕಾರಕ್ಕೆ ಕೂತುಬಿಟ್ಟಿರುತ್ತದೆ.

ಮೊದಲ ತಿಂಗಳು ಮುಂದುವರಿಸುತ್ತೇನೋ ಇಲ್ಲವೋ ಅನ್ನುವ ಅನುಮಾನ ಇದ್ದರೆ, ಕಾಲಿಗೆ ಬಿಗಿಯಾಗಿ ಕೂರುವ ಹಳೆಯ ಚರ್ಮದ ಶೂಗೆ ಸ್ವೇಡ್ ಸೋಲ್ ಅಂಟಿಸಿಕೊಳ್ಳಿ. ಅಂಟಿಸಲೆಂದೇ ಮಾಡಿದ ಹಾಳೆಗಳು ಸಿಗುತ್ತವೆ. ಮೇಲ್ಭಾಗ ಗಟ್ಟಿ ಇರುವ ಡಾನ್ಸ್ ಶೂನ ಸೋಲ್ ಸವೆದರೂ ಅಷ್ಟೇ, ಹೊಸ ಸ್ವೇಡ್ ಹಾಕಿಸಿದರೆ ಮತ್ತೆ ನಡೆಯುತ್ತದೆ. ಹೀಲ್ ತುದಿಗೆ ಹಾಕುವ ಪ್ಲಾಸ್ಟಿಕ್ ಟೋಪಿ ಅಗ್ಗದ್ದು, ತೂತು ಬಿದ್ದ ಕೂಡಲೇ ಬದಲಾಯಿಸಿ.

ಸ್ವೇಡ್‌ಗೆ ನೀರು ಆಗದು. ಬೀದಿಗೆ ಹಾಕಿಕೊಂಡು ಹೋಗಬೇಡಿ, ಕುಣಿದ ಮೇಲೆ ಬೆವರು ಆರುವವರೆಗೆ ಹೊರಗಿಡಿ, ಆಮೇಲೆ ಬಟ್ಟೆ ಚೀಲಕ್ಕೆ ಹಾಕಿ. ನೆಲದ ಮೇಣ, ಧೂಳು ಅಂಟಿ ಕೆಲವು ವಾರಕ್ಕೆ ಸೋಲ್ ಕಪ್ಪಗೆ, ಗಾಜಿನಂತೆ ಮಿರುಗುತ್ತದೆ. ಕಾಲು ಜಾರಲು ಶುರುವಾಗುವುದು ಆಗಲೇ. ತಂತಿ ಬ್ರಷ್ ತಗೊಂಡು ಒಂದೇ ದಿಕ್ಕಿಗೆ ನಾಲ್ಕೈದು ಸಲ ಗೀರಿ. ಬೂದು ಪುಡಿ ಉದುರುತ್ತದೆ, ಕೆಳಗಿನಿಂದ ನವಿರು ಮತ್ತೆ ಏಳುತ್ತದೆ. ಜಾಸ್ತಿ ಗೀರಿದರೆ ಸೋಲ್ ತೆಳುವಾಗುತ್ತದೆ, ಮಿರುಗು ಹೋದ ಕೂಡಲೇ ನಿಲ್ಲಿಸಿ.