ಬೇಡದ ಯೋಚನೆಗಳ ಜೊತೆ ನನ್ನ ಕೆಲಸ

ತಲೆಗೆ ತಾನಾಗೇ ನುಗ್ಗುವ ಯೋಚನೆಗಳಿಂದ ಒದ್ದಾಡುವವರು ಮೊದಲ ಭೇಟಿಯಲ್ಲಿ ಅದನ್ನು ಹೇಳುವುದು ಕಡಿಮೆ. ನಿದ್ದೆ ಬರುತ್ತಿಲ್ಲ, ಕೆಲಸದಲ್ಲಿ ಗಮನ ನಿಲ್ಲುತ್ತಿಲ್ಲ, ಏನೋ ಸುಸ್ತು ಎನ್ನುತ್ತಾರೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ನಿಜವಾದ ವಿಷಯ ನನ್ನ ಕಿವಿಗೆ ಬೀಳುವುದು ಹೆಚ್ಚಾಗಿ ಸೆಷನ್ ಮುಗಿಯುವ ಹೊತ್ತಿಗೆ, ಅದೂ ನನ್ನ ಮುಖ ನೋಡದೆ. ಮಗುವನ್ನು ಎತ್ತಿಕೊಂಡಾಗ ಕೆಳಗೆ ಎಸೆದುಬಿಟ್ಟಂಥ ಚಿತ್ರ. ಪ್ರಾರ್ಥನೆಗೆ ಕೂತಾಗ ಕೊಳಕು ಬೈಗುಳ. ಗಾಡಿ ನಿಲ್ಲಿಸಿದ ಮೇಲೆ, ಯಾರಿಗಾದರೂ ಗುದ್ದಿಬಿಟ್ಟೆನಾ ಎಂಬ ಅನುಮಾನ. ಹತ್ತಿರದವರ ಬಗ್ಗೆ ಬಾಯಿಬಿಟ್ಟು ಹೇಳಲಾಗದ ಲೈಂಗಿಕ ಯೋಚನೆ.

ಆಗ ನನ್ನ ಮುಖ ಬದಲಾಗಬಾರದು. ಹುಬ್ಬು ಒಂಚೂರು ಏರಿದರೂ ಮಾತು ಅಲ್ಲಿಗೇ ನಿಲ್ಲುತ್ತದೆ. ಇದು ಓದಿ ಬರುವ ವಿದ್ಯೆಯಲ್ಲ, ತುಂಬ ಜನರ ಎದುರು ಕೂತು ಬರುವಂಥದ್ದು.

"ಇದೆಲ್ಲ ಎಲ್ಲರಿಗೂ ಬರುತ್ತೆ, ಬಿಡಿ" ಎಂದು ಬಾಯಿಮಾತಿನಲ್ಲಿ ಹೇಳುವುದನ್ನು ಆದಷ್ಟು ತಪ್ಪಿಸುತ್ತೇನೆ. ಆ ಸಮಾಧಾನ ಸಂಜೆವರೆಗೂ ಉಳಿಯುವುದಿಲ್ಲ. ಬದಲಿಗೆ ಒಂದು ಹಾಳೆ ಕೊಡುತ್ತೇನೆ. ಯಾವ ಮಾನಸಿಕ ಕಾಯಿಲೆಯೂ ಇಲ್ಲದವರಿಗೆ ಬರುವ ಯೋಚನೆಗಳ ಪಟ್ಟಿ ಅದು. ಅವರೇ ಓದಬೇಕು, ತಮಗೂ ಬಂದಿದ್ದಕ್ಕೆ ಟಿಕ್ ಹಾಕಬೇಕು. ಮನಶ್ಶಾಸ್ತ್ರಜ್ಞರಾದ ರಾಕ್‌ಮನ್ ಮತ್ತು ಡಿ ಸಿಲ್ವಾ 1978ರಲ್ಲಿ ಗೀಳಿನ ತೊಂದರೆ (ಒಸಿಡಿ) ಇರುವವರ ಯೋಚನೆಗಳನ್ನೂ ಇಲ್ಲದವರ ಯೋಚನೆಗಳನ್ನೂ ಹೋಲಿಸಿ ನೋಡಿದ್ದರು. ಒಳಗಿನ ವಿಷಯ ಹೆಚ್ಚುಕಡಿಮೆ ಒಂದೇ ಥರ ಇತ್ತು. 2014ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು ಕೇಳಿದರು. ಹಿಂದಿನ 3 ತಿಂಗಳಲ್ಲಿ ಇಂಥದ್ದೊಂದಾದರೂ ಬಂದಿತ್ತು ಎಂದವರು ಸುಮಾರು ಶೇ. 94.

ಹಾಗಾದರೆ ಕೆಲವರು ಮಾತ್ರ ಯಾಕೆ ಇಷ್ಟು ನರಳುತ್ತಾರೆ? ಇಲ್ಲಿಂದ ನನ್ನ ಕೆಲಸ ಶುರು.

ಖಾಲಿ ಹಾಳೆಯಲ್ಲಿ ನಾಲ್ಕು ಕಾಲಂ ಹಾಕುತ್ತೇನೆ. ಬಂದ ಯೋಚನೆ, ಅದಕ್ಕೆ ತಾವು ಕೊಟ್ಟ ಅರ್ಥ, ಆಗ ಆದ ಭಯ, ಆಮೇಲೆ ಮಾಡಿದ್ದು. ನರಳಿಸುವುದು ಬಂದ ಯೋಚನೆಯಲ್ಲ, ಅದಕ್ಕೆ ನಾವು ಕೊಡುವ ಅರ್ಥ ಎಂದು ಮನಶ್ಶಾಸ್ತ್ರಜ್ಞ ಸಾಲ್ಕೊವ್‌ಸ್ಕಿಸ್ 1985ರಲ್ಲಿ ಮುಂದಿಟ್ಟ ವಿಚಾರವೇ ಇದರ ನೆಲೆ. ಒಬ್ಬ ತಾಯಿಯ ಹಾಳೆ ಹೇಳುತ್ತೇನೆ (ಗುರುತು ಸಿಗದಂತೆ ಹಲವರ ವಿವರ ಬೆರೆಸಿದ್ದೇನೆ). ಮೊದಲ ಕಾಲಂ: ತರಕಾರಿ ಹೆಚ್ಚುವಾಗ ಮಗುವಿಗೆ ಚುಚ್ಚಿದಂಥ ಚಿತ್ರ. ಎರಡನೆಯದು: 'ಇಂಥದ್ದು ಹೊಳೆಯಿತು ಅಂದರೆ ನನ್ನೊಳಗೆ ಆ ಆಸೆ ಇದೆ.' ಮೂರನೆಯದು: ಎದೆ ಹೊಡೆದುಕೊಳ್ಳುವುದು, ನಾಚಿಕೆ. ಇಷ್ಟನ್ನು ಸರಸರ ಬರೆದರು. ನಾಲ್ಕನೆಯದರಲ್ಲಿ ಒಂದೇ ಸಾಲು ಬಂತು: ಚಾಕು ಎತ್ತಿಡುವುದು.

ನಾನು ಜಾಸ್ತಿ ಹೊತ್ತು ಕೂರುವುದು ಆ ನಾಲ್ಕನೆಯ ಕಾಲಂ ಮೇಲೆ. ಕೇಳುತ್ತಾ ಹೋದರೆ ಅದು ಉದ್ದವಾಗುತ್ತದೆ. ಮಗುವಿನ ಜೊತೆ ಒಬ್ಬರೇ ಇರದಂತೆ ನೋಡಿಕೊಳ್ಳುತ್ತಿದ್ದರು. "ನಾನು ಹಾಗೆ ಮಾಡಲ್ಲ ಅಲ್ವಾ?" ಎಂದು ಗಂಡನನ್ನು ದಿನವೂ ಕೇಳುತ್ತಿದ್ದರು. ಹೊರಗೆ ಕಾಣದ್ದು ಇನ್ನೂ ಬೇಕಾದಷ್ಟಿತ್ತು. ಕೆಟ್ಟ ಚಿತ್ರ ಬಂದ ಕೂಡಲೇ ಮನಸ್ಸಿನಲ್ಲೇ ಒಳ್ಳೆಯ ಚಿತ್ರ ತಂದುಕೊಳ್ಳುವುದು. ಮಗುವನ್ನು ನೋಡಿ, ಪ್ರೀತಿ ಉಕ್ಕುತ್ತಿದೆಯಾ ಎಂದು ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುವುದು. ತಲೆಯೊಳಗಿನ ಈ ಕಸರತ್ತುಗಳನ್ನು ಯಾರೂ ತಾವಾಗಿ ಹೇಳುವುದಿಲ್ಲ, ಯಾಕೆಂದರೆ ಅವರಿಗೆ ಅದೂ ಯೋಚನೆಯ ಭಾಗ ಅಂತಲೇ ಅನ್ನಿಸಿರುತ್ತದೆ. ಮಾಡಿದ ಕೂಡಲೇ ಎರಡು ನಿಮಿಷ ಹಾಯೆನಿಸುತ್ತದೆ. ಆ ಹಾಯೇ ಮುಂದಿನ ಸಲ ಮತ್ತೆ ಅದನ್ನೇ ಮಾಡಿಸುತ್ತದೆ. ಚಾಕು ಎತ್ತಿಟ್ಟಿದ್ದರಿಂದಲೇ ಮಗು ಉಳಿಯಿತು ಎಂದು ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ.

"ಯೋಚನೆಯನ್ನೇ ತಡೆದುಬಿಟ್ಟರೆ?" ಎಂದು ಬಹುತೇಕ ಎಲ್ಲರೂ ಕೇಳುತ್ತಾರೆ. ವಾದ ಮಾಡುವುದಿಲ್ಲ, ಅಲ್ಲೇ ಮಾಡಿಸುತ್ತೇನೆ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದಾಗಲೆಲ್ಲ ಮೇಜು ತಟ್ಟಿ. ಮನಶ್ಶಾಸ್ತ್ರಜ್ಞ ವೆಗ್ನರ್ ಮತ್ತು ಜೊತೆಗಾರರು 1987ರಲ್ಲಿ, ಮೇಜು ತಟ್ಟುವ ಬದಲು ಗಂಟೆ ಬಾರಿಸಲು ಹೇಳಿ ಮಾಡಿಸಿದ ಪ್ರಯೋಗ ಇದು. ಸುಮ್ನೆ ಕೂತಿದ್ದವರು ಮೇಜು ತಟ್ಟಿ ತಟ್ಟಿ ನಗಲು ಶುರುಮಾಡುತ್ತಾರೆ. ಆ ಕೋಣೆಯಲ್ಲಿ ಅವರು ಮೊದಲ ಸಲ ನಗುವುದು ಹೆಚ್ಚಾಗಿ ಆಗಲೇ.

ಮುಂದೆ ಹೋಗುವ ಮುಂಚೆ ಒಂದು ಪರಿಶೀಲನೆ ಇದೆ. ಇದರಲ್ಲಿ ಅವಸರ ಕೂಡದು. ಯೋಚನೆ ಬಂದಾಗ ಹೆದರಿಕೆಯಾಗುತ್ತದಾ, ಇಲ್ಲ ನೆಮ್ಮದಿಯಾಗುತ್ತದಾ? ಹಾಗೆ ಮಾಡಬೇಕೆಂದು ಯೋಜನೆ ಏನಾದರೂ ಇದೆಯಾ? ಹೊರಗಿನಿಂದ ಯಾರೋ ಹೇಳಿದಂತೆ ಕೇಳಿಸುತ್ತದಾ? ಸಾಯಬೇಕೆಂಬ ಆಸೆ, ಅದಕ್ಕೆ ತಯಾರಿ, ಅಥವಾ ಆಜ್ಞೆ ಕೊಡುವ ದನಿ ಇದ್ದರೆ ದಾರಿಯೇ ಬೇರೆ. ಆಗ ಅದೇ ದಿನ ಮನೋವೈದ್ಯರು ನೋಡಬೇಕು, ಮನೆಯವರು ಜೊತೆಗಿರಬೇಕು. ನಿಜವಾಗಿ ನಡೆದ ಘೋರ ಘಟನೆ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಆಘಾತದ ನೆನಪು, ಅದರ ಚಿಕಿತ್ಸೆಯೂ ಬೇರೆ. ಖಿನ್ನತೆ ಇದೆಯಾ ಎಂದೂ ನೋಡುತ್ತೇನೆ. ಮನಸ್ಸು ಕುಗ್ಗಿದಾಗ, ನಿದ್ದೆಗೆಟ್ಟಾಗ, ಹೆರಿಗೆಯ ನಂತರ ಇಂಥ ಯೋಚನೆ ಬೇಗ ಅಂಟಿಕೊಳ್ಳುತ್ತದೆ. ಹೆದರುತ್ತಾ, ಅಸಹ್ಯಪಡುತ್ತಾ, ತಪ್ಪಿಸಿಕೊಳ್ಳುತ್ತಾ ಇರುವವರೇ ನಾನು ಇಲ್ಲಿ ಹೇಳುತ್ತಿರುವವರು.

ಇನ್ನು ಚಿಕಿತ್ಸೆ. ಭಯ ಹುಟ್ಟಿಸುವುದನ್ನು ಎದುರಿಸುವುದು, ಆಮೇಲಿನ ಕಸರತ್ತನ್ನು ಮಾಡದೇ ಇರುವುದು. ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಈ ದಾರಿ ತೋರಿಸಿದರು, ಇವತ್ತು ಇದನ್ನು ಇಆರ್‌ಪಿ (ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್) ಎನ್ನುತ್ತಾರೆ. ಆ ತಾಯಿಯ ಜೊತೆ ಸೇರಿ ಕಡಿಮೆ ಭಯದಿಂದ ಹೆಚ್ಚಿನ ಭಯಕ್ಕೆ ಪಟ್ಟಿ ಮಾಡಿದೆವು. ಮೊದಲು ಆ ಯೋಚನೆಯನ್ನು ವಾಕ್ಯವಾಗಿ ಬರೆಯುವುದು. ಅದನ್ನು ಜೋರಾಗಿ ಓದುವುದು. ಚಾಕುವನ್ನು ಕಾಣುವ ಜಾಗದಲ್ಲಿ ಇಡುವುದು. ಮಗು ಅದೇ ಕೋಣೆಯಲ್ಲಿರುವಾಗ ತರಕಾರಿ ಹೆಚ್ಚುವುದು. ಅವರಿಗೆ ಇದಕ್ಕಿಂತ ಕಷ್ಟವಾಗಿದ್ದು ಗಂಡನನ್ನು ಕೇಳದೇ ಇರುವುದು.

ಭಯ ಇಳಿಯಲೇಬೇಕು ಎಂದು ನಾನು ಕಾಯುವುದಿಲ್ಲ. ಶುರುವಿಗೆ ಮುಂಚೆ "ಏನಾಗುತ್ತೆ ಅಂದುಕೊಂಡಿದ್ದೀರಿ?" ಎಂದು ಬರೆಸುತ್ತೇನೆ, ಮುಗಿದ ಮೇಲೆ "ಏನಾಯಿತು?" ಎಂದು ಕೇಳುತ್ತೇನೆ. ಒಮ್ಮೊಮ್ಮೆ ಭಯ ಹಾಗೇ ಇರುತ್ತದೆ, ಆದರೂ ತರಕಾರಿ ಹೆಚ್ಚಿ ಮುಗಿದಿರುತ್ತದೆ. ಅದೂ ಕಲಿಕೆಯೇ.

ಗಂಡನನ್ನೂ ಕರೆಸಿದ್ದೆ. ಪ್ರೀತಿಯಿಂದಲೇ "ನೀನು ಹಾಗೆ ಮಾಡಲ್ಲ ಕಣೇ" ಎನ್ನುತ್ತಿದ್ದವರು ಅವರು. ದಿಢೀರನೆ ನಿಲ್ಲಿಸಿದರೆ ಕಲ್ಲುಮನಸ್ಸು ಎನ್ನಿಸುತ್ತದೆ. ಅದಕ್ಕೆ ಮೂವರೂ ಕೂತು ಒಂದು ಉತ್ತರ ಗೊತ್ತುಮಾಡಿಕೊಂಡೆವು: "ಕಷ್ಟ ಆಗ್ತಿದೆ ಅಂತ ಗೊತ್ತು. ಆ ಪ್ರಶ್ನೆಗೆ ನಾನು ಉತ್ತರ ಕೊಡಲ್ಲ ಅಂತ ಮಾತಾಡಿಕೊಂಡಿದ್ದೀವಲ್ಲ, ಜೊತೆಗೇ ಇರ್ತೀನಿ."

ತೊಂದರೆ ಜೋರಾಗಿದ್ದವರಿಗೆ ಔಷಧಿಯೂ ಬೇಕಾಗುತ್ತದೆ. ಅದು ಮನೋವೈದ್ಯರ ನಿರ್ಧಾರ. ಗೀಳಿಗೆ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ (ಖಿನ್ನತೆಗೂ ಕೊಡುವಂಥದ್ದು) ಪೂರ್ತಿ ಕೆಲಸ ಮಾಡಲು ಸಾಮಾನ್ಯವಾಗಿ 8ರಿಂದ 12 ವಾರ ಹಿಡಿಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಎರಡನೇ ವಾರಕ್ಕೇ ಬಿಟ್ಟುಬಿಡುವವರು ಬಹಳ.

ಸುಧಾರಣೆ ಅಳೆಯುವಾಗ ಯೋಚನೆ ಎಷ್ಟು ಸಲ ಬಂತೆಂದು ನಾನು ಕೇಳುವುದಿಲ್ಲ. ಎಣಿಸುತ್ತಾ ಕೂತರೆ ಅದೇ ಹೊಸ ಕಸರತ್ತಾಗುತ್ತದೆ. ದಿನದಲ್ಲಿ ಎಷ್ಟು ಹೊತ್ತು ಹಾಳಾಯಿತು, ಯಾವ ಕೆಲಸ ತಪ್ಪಿತು ಎಂದು ಕೇಳುತ್ತೇನೆ. ಕೊನೆಯ ಭೇಟಿಯಲ್ಲಿ ಇನ್ನೊಂದು ಹಾಳೆ ಬರೆಸುತ್ತೇನೆ: ಮುಂದೆ ಒತ್ತಡ ಬಂದಾಗ ಯಾವ ಹಳೆಯ ಅಭ್ಯಾಸ ಮೊದಲು ತಲೆಹಾಕುತ್ತದೆ? ಆ ತಾಯಿ ಬರೆದದ್ದು ಎರಡು. ಚಾಕು ಎತ್ತಿಡುವುದು, ಗಂಡನನ್ನು ಕೇಳುವುದು. ಎರಡರಲ್ಲಿ ಒಂದು ಶುರುವಾಗಿ ವಾರ ಕಳೆದರೂ ನಿಲ್ಲದಿದ್ದರೆ ನನಗೆ ಫೋನ್ ಮಾಡಬೇಕೆಂದು ಮಾತಾಗಿದೆ.