‘ಹೋಗಿಬಿಟ್ಟರು’ ಅನ್ನುವ ಮಾತಿನಿಂದ ಆರು ತಿಂಗಳು

ನಾನು ಸಂಭಾಷಣೆ ಬರೆದ ಒಂದು ದೈನಿಕ ಧಾರಾವಾಹಿಯಲ್ಲಿ ಮೊದಲ ವಾರವೇ ಮನೆಯ ಯಜಮಾನ ಕಾಣೆಯಾಗುತ್ತಾನೆ. ಅಪ್ಪ ಎಲ್ಲಿ ಅಂತ ಮಗಳು ಕೇಳಿದರೆ ತಾಯಿ ಹೇಳುವುದು ಇಷ್ಟೇ: “ಹೋಗಿಬಿಟ್ಟರು ಕಣೇ.” ಮನೆ ಬಿಟ್ಟು ಹೋದರೋ, ತೀರಿಕೊಂಡರೋ? ಆ ಒಂದು ಮಾತಿನ ಮೇಲೆ ಆರು ತಿಂಗಳು ಕತೆ ನಡೆಯಿತು.

ಇಂಥ ಬರವಣಿಗೆಗೆ ಕನ್ನಡ ಹೇಳಿ ಮಾಡಿಸಿದ ಭಾಷೆ. “ರಾತ್ರಿ ಯಾರೋ ಬಂದಿದ್ದರು” ಅಂದರೆ ಗಂಡಸೋ ಹೆಂಗಸೋ, ಒಬ್ಬರೋ ನಾಲ್ವರೋ ತಿಳಿಯದು. “ಬಂದಿದ್ದ” ಅಂತ ಬರೆದ ಕೂಡಲೇ ಅರ್ಧ ಗುಟ್ಟು ರಟ್ಟು. “ಅತ್ತೆಗೆ ಎಲ್ಲಾ ಗೊತ್ತು” ಅಂತ ಸೊಸೆಯ ಬಾಯಲ್ಲಿ ಹೇಳಿಸಿ, ಅವಳ ಗಂಡನ ತಾಯಿ, ಸೋದರತ್ತೆ ಇಬ್ಬರ ಮುಖವನ್ನೂ ತೋರಿಸಿ ಒಂದು ಶುಕ್ರವಾರದ ಎಪಿಸೋಡ್ ಮುಗಿಸಿದ್ದೆವು.

ಅದಕ್ಕೂ ಹಿಂದಿನ ಧಾರಾವಾಹಿಯಲ್ಲಿ ಉತ್ತರವೇನೆಂದು ನಾನೇ ತೀರ್ಮಾನಿಸದೆ ಬರೆಯಲು ಕೂತಿದ್ದೆ. ಸೋಮವಾರ ಎಲ್ಲ ಬಲ್ಲವಳಂತೆ ಮಾತಾಡಿದ ಪಾತ್ರ ಬುಧವಾರ ಏನೂ ಅರಿಯದವಳಂತೆ ಬೆಚ್ಚಿಬಿತ್ತು. ನೋಡಿದವರು ಮೋಸ ಅಂದರು. ಅವರು ಹೇಳಿದ್ದು ಸರಿ. ಹಾಗಾಗಿ ಈ ಸಲ ಒಂದು ನೋಟ್‌ಬುಕ್ ಇಟ್ಟೆ: ಎಡಪುಟದಲ್ಲಿ ನಿಜಕ್ಕೂ ನಡೆದದ್ದು, ಬಲಪುಟದಲ್ಲಿ ಅದರಲ್ಲಿ ಯಾರಿಗೆ ಎಷ್ಟು ಗೊತ್ತು ಅನ್ನುವುದು. ತಾಯಿಯ ಪಾತ್ರ ಮಾಡುತ್ತಿದ್ದ ಕಲಾವಿದೆಗೆ ಮಾತ್ರ ಎರಡೂ ಪುಟ ತೋರಿಸಿದ್ದೆ.

ಆದರೂ ಶೂಟಿಂಗ್‌ನ ಮೊದಲ ದಿನ ಬೆಳಗ್ಗೆ ಏಳಕ್ಕೆ ಮೇಕಪ್‌ನವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ: “ಸರ್, ಅಮ್ಮನಿಗೆ ಕುಂಕುಮ ಇಡಲಾ, ಬೇಡವಾ?” ಇಟ್ಟರೆ ಗಂಡ ಬದುಕಿದ್ದಾನೆ, ಇಡದಿದ್ದರೆ ಸತ್ತಿದ್ದಾನೆ. ನಮ್ಮ ಮನೆಗಳಲ್ಲಿ ಜನ ಹಾಗೇ ಓದಿಕೊಳ್ಳುವುದು. ಅರ್ಧ ಗಂಟೆ ಕೂತು ಯೋಚಿಸಿ ಸೀನನ್ನೇ ಬದಲಿಸಿದೆ. ಬರಿ ಹಣೆಯಲ್ಲಿ, ಸೆರಗು ಹೊದ್ದು, ತಾಯಿ ಅಕ್ಕಿ ಆರಿಸುತ್ತಿದ್ದಾಳೆ. ಸ್ನಾನ ಮುಗಿಸಿ ಬಂದಂತೆ ಕೂದಲು ಇನ್ನೂ ಒದ್ದೆ. ಗೇಟಿನ ಸದ್ದಾಗುತ್ತದೆ. ಎದ್ದು ಕನ್ನಡಿಯ ಮುಂದೆ ನಿಂತು ಅವಸರದಲ್ಲಿ ಕುಂಕುಮ ಇಟ್ಟುಕೊಳ್ಳುತ್ತಾಳೆ, ಆಮೇಲೆ ಬಾಗಿಲು ತೆಗೆಯುತ್ತಾಳೆ. ಮಾತೇ ಇಲ್ಲ.

ಎಡಿಟಿಂಗ್‌ನಿಂದ ಅದು ಮೂರು ಕ್ಲೋಸಪ್ ಮತ್ತು ಅಳುವ ಕೊಳಲಿನೊಂದಿಗೆ ಬಂತು. ಗಂಡ ಸತ್ತ ಅಂತ ಸಂಗೀತವೇ ತೀರ್ಪು ಕೊಟ್ಟಹಾಗಿತ್ತು. ನಿರ್ದೇಶಕರನ್ನು ಬೇಡಿಕೊಂಡು ಕೊಳಲು ತೆಗೆಸಿದೆ. ಅಡುಗೆಮನೆಯ ಕುಕ್ಕರ್ ಸೀಟಿ ಒಂದೇ ಉಳಿಯಿತು. ಗುರುವಾರ ಟಿಆರ್‌ಪಿ ಬಂದಾಗಲೆಲ್ಲ ಗುಟ್ಟು ಬೇಗ ಬಿಚ್ಚಿ ಅನ್ನುವ ಒತ್ತಡ ಇದ್ದದ್ದೇ; ಎರಡು ವಾರಕ್ಕೊಂದು ಚಿಕ್ಕ ಗುಟ್ಟು ಬಿಚ್ಚಿ ದೊಡ್ಡದನ್ನು ಕಾಪಾಡಿಕೊಂಡೆ.

ಕುಂಕುಮದ ಸೀನ್ ಪ್ರಸಾರವಾದ ಮರುದಿನ ಎದುರುಮನೆ ಅಜ್ಜಿ ಹಾಲಿನ ಪಾಕೆಟ್ ಹಿಡಿದುಕೊಂಡೇ ಸೊಸೆಯ ಜೊತೆ ವಾದಕ್ಕಿಳಿದಿದ್ದರು. “ಬದುಕಿದ್ದಾನೆ, ಕುಂಕುಮ ಇಟ್ಕೊಂಡಳಲ್ಲ?” ಅಂದರು ಅಜ್ಜಿ. “ಅದಕ್ಕೇ ಅತ್ತೆ, ಜನ ಬಂದಮೇಲೆ ತಾನೇ ಇಟ್ಕೊಂಡಿದ್ದು?” ಅಂದಳು ಸೊಸೆ.